‘ಡಿ’ ಅಕ್ಷರ ಬಿದ್ದ ಊರುಗಳು

ಇಂಗ್ಲೆಂಡಿನ ಹಳ್ಳಿ ಎಂದರೆ ನಮ್ಮಲ್ಲಿ ಬಹುತೇಕರ ಕಣ್ಣಮುಂದೆ ಬರುವುದು ಒಂದೇ ಚಿತ್ರ: ಹಳೆಯ ಚರ್ಚು, ಹಸಿರು ಬಯಲು, ಕಲ್ಲಿನ ಮನೆಗಳು, ಬಾಗಿಲ ಮೇಲೆ ಹಬ್ಬಿದ ಹೂಬಳ್ಳಿ. ಕಾಲ ಆ ಊರನ್ನು ಮರೆತೇಬಿಟ್ಟಿದೆ ಎಂದು ನೋಡಿದವರಿಗೆ ಅನಿಸುತ್ತದೆ. ನಿಜ ಸಂಗತಿ ಬೇರೆ. ಆ ಹಳ್ಳಿ ಹಾಗೆ ಉಳಿದಿದ್ದರೆ, ಅದು ಹಾಗೆಯೇ ಉಳಿಯಲಿ ಎಂದು ಯಾವುದೋ ಕಚೇರಿ ತೀರ್ಮಾನಿಸಿದೆ ಎಂದರ್ಥ. ಅದೇ ದೇಶದ ಇನ್ನೊಂದು ಕಚೇರಿ ನೂರಕ್ಕೂ ಹೆಚ್ಚು ಹಳ್ಳಿಗಳು ಇನ್ನು ಬೇಡವೆಂದೂ ತೀರ್ಮಾನಿಸಿತ್ತು. ಈ ಎರಡನೆಯ ಕಥೆ ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ.

ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ನಿನ ಬೊಕ್ಕಸ ಬರಿದಾಗಿತ್ತು. ಮನೆಗಳ ಕೊರತೆ ವಿಪರೀತವಾಗಿತ್ತು. ಅಟ್ಲಿಯವರ ಲೇಬರ್ ಸರ್ಕಾರ 1947ರಲ್ಲಿ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯನ್ನು ತಂದಿತು. 1948ರ ಜುಲೈ 1ರಿಂದ ಅದು ಜಾರಿಗೆ ಬಂತು. ಅದರ ತಿರುಳು ಇಷ್ಟು: ಭೂಮಿ ನಿಮ್ಮದೇ ಆಗಿರಬಹುದು, ಆದರೆ ಅದರ ಮೇಲೆ ಕಟ್ಟುವ ಹಕ್ಕು ತಾನಾಗಿ ನಿಮ್ಮದಲ್ಲ. ಅದಕ್ಕೆ ಸ್ಥಳೀಯ ಆಡಳಿತದ ಅನುಮತಿ ಬೇಕು. ಪ್ರತಿ ಕೌಂಟಿಯೂ, ಎಂದರೆ ಸರಿಸುಮಾರು ನಮ್ಮ ಜಿಲ್ಲೆಯಂಥ ಘಟಕವೂ, ತನ್ನ ಪ್ರದೇಶಕ್ಕೆ ಒಂದು ಅಭಿವೃದ್ಧಿ ಯೋಜನೆ ತಯಾರಿಸಬೇಕು; ಅನುಮತಿಯನ್ನು ಅದರ ಹಿನ್ನೆಲೆಯಲ್ಲೇ ಪರಿಶೀಲಿಸಬೇಕು.

ಈಶಾನ್ಯ ಇಂಗ್ಲೆಂಡಿನ ಡರಂ ಕೌಂಟಿ ಕಲ್ಲಿದ್ದಲಿನ ನಾಡು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಗಣಿ ತೋಡಿದಲ್ಲೆಲ್ಲ ಒಂದೊಂದು ಊರು ಹುಟ್ಟಿತು. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು, ಒಂದು ಪ್ರಾರ್ಥನಾ ಮಂದಿರ, ಒಂದು ಶಾಲೆ, ಗಣಿ ಕಾರ್ಮಿಕರ ಕ್ಲಬ್ಬು. ಇಪ್ಪತ್ತನೆಯ ಶತಮಾನದ ನಡುಭಾಗಕ್ಕೆ ಬರುವಷ್ಟರಲ್ಲಿ ಕೌಂಟಿಯ ಪಶ್ಚಿಮ ಭಾಗದ ಗಣಿಗಳು ಬರಿದಾಗತೊಡಗಿದ್ದವು. ಒಳ್ಳೆಯ ಕಲ್ಲಿದ್ದಲು ಉಳಿದದ್ದು ಪೂರ್ವದ ಕರಾವಳಿಯ ಕಡೆ. ಗಣಿಯೇ ಇಲ್ಲದ ಮೇಲೆ ಗಣಿಯ ಊರು ಏಕೆ?

1951ರಲ್ಲಿ ಸಿದ್ಧವಾದ ಡರಂ ಕೌಂಟಿಯ ಯೋಜನೆ ಈ ಪ್ರಶ್ನೆಗೆ ಅಕ್ಷರಗಳಲ್ಲಿ ಉತ್ತರ ಕೊಟ್ಟಿತು. ಊರುಗಳನ್ನೆಲ್ಲ ಎ, ಬಿ, ಸಿ, ಡಿ ಎಂದು ವಿಂಗಡಿಸಲಾಯಿತು. ‘ಎ’ ಊರು ಬೆಳೆಯುತ್ತದೆ, ‘ಬಿ’ ಇದ್ದಂತೆ ಇರುತ್ತದೆ, ‘ಸಿ’ ಕುಗ್ಗುತ್ತದೆ. ‘ಡಿ’ ಊರಿಗೆ ಇನ್ನು ಬಂಡವಾಳ ಹಾಕುವುದಿಲ್ಲ. ಅಲ್ಲಿನ ಮನೆಗಳು ವಾಸಕ್ಕೆ ಅಯೋಗ್ಯವಾದಂತೆಲ್ಲ ಜನರನ್ನು ಬೇರೆಡೆಗೆ ಸಾಗಿಸಲಾಗುತ್ತದೆ. ನೂರಕ್ಕೂ ಹೆಚ್ಚು ಊರುಗಳಿಗೆ ಈ ‘ಡಿ’ ಬಿತ್ತು. ಮುಂದೆ ಈ ಪಟ್ಟಿ 121ಕ್ಕೆ ಏರಿತು.

ಈ ಒಂದು ಅಕ್ಷರ ಮಾಡಿದ ಕೆಲಸವನ್ನು ಗಮನಿಸಬೇಕು. ಊರಿನಲ್ಲಿ ಹೊಸ ಮನೆಗೆ ಅನುಮತಿಯಿಲ್ಲ, ಕೌನ್ಸಿಲ್ ತಾನೂ ಕಟ್ಟುವುದಿಲ್ಲ. ಹೀಗಾಗಿ ಮದುವೆಯಾದ ಮಕ್ಕಳು ಊರು ಬಿಡಲೇಬೇಕು. ಭವಿಷ್ಯವಿಲ್ಲದ ಊರಿನ ಮನೆಗೆ ಸಾಲ ಕೊಡುವವರಾರು? ನಾಳೆ ಕೆಡವಲಿರುವ ಮಾಡನ್ನು ಇಂದು ರಿಪೇರಿ ಮಾಡಿಸುವವರಾರು? ಜನ ಕಡಿಮೆಯಾದಂತೆ ಅಂಗಡಿ ಮುಚ್ಚಿತು, ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿಯಿತು. ಆಗ ಬಂದ ಅಧಿಕಾರಿಗೆ ಕಾಣುವುದು ಪಾಳು ಊರು. ತನ್ನ ಯೋಜನೆ ಸರಿಯಾಗಿಯೇ ಇತ್ತು ಎಂಬ ಸಮಾಧಾನ ಅವನಿಗೆ. ಅಯೋಗ್ಯವೆಂದು ಘೋಷಿಸಿದ ಮನೆಗೆ ಪರಿಹಾರದ ಮೂಲ ನಿಯಮ ಇನ್ನೂ ಕಠಿಣ: ನಿವೇಶನಕ್ಕೆ ಮಾತ್ರ ಬೆಲೆ, ಅದರ ಮೇಲಿನ ಮನೆಗೆ ಸೊನ್ನೆ.

ಇದನ್ನು ಮಾಡಿದವರು ಯಾರೋ ದೂರದ ಶ್ರೀಮಂತರಾಗಿದ್ದರೆ ಕಥೆ ಸರಳವಾಗುತ್ತಿತ್ತು. ಡರಂ ಕೌಂಟಿ ಕೌನ್ಸಿಲ್ ಆಗ ಲೇಬರ್ ಪಕ್ಷದ ಭದ್ರಕೋಟೆಯಾಗಿತ್ತು. 1919ರಲ್ಲಿಯೇ ಆ ಪಕ್ಷ ಅಲ್ಲಿ ಅಧಿಕಾರ ಹಿಡಿದು, ಹತ್ತನೆಯ ವಯಸ್ಸಿಗೇ ಗಣಿಗೆ ಇಳಿದಿದ್ದ ಪೀಟರ್ ಲೀ ಅದರ ಅಧ್ಯಕ್ಷರಾಗಿದ್ದರು. ಪೂರ್ವದಲ್ಲಿ ಗಣಿ ಕಾರ್ಮಿಕರಿಗಾಗಿ ಕಟ್ಟಿದ ಹೊಸ ಪಟ್ಟಣಕ್ಕೆ ಪೀಟರ್‌ಲೀ ಎಂದು ಅವರ ಹೆಸರನ್ನೇ ಇಟ್ಟರು. ಕೌನ್ಸಿಲಿನವರ ಉದ್ದೇಶವೂ ಕೆಟ್ಟದ್ದಲ್ಲ. ಸಾಲುಮನೆಗಳಲ್ಲಿ ಎಷ್ಟೋ ಕಡೆ ಸ್ನಾನದ ಮನೆಯಿರಲಿಲ್ಲ, ಕಕ್ಕಸು ಹಿತ್ತಲಿನಲ್ಲಿ. ಇರುವ ಅಲ್ಪ ಹಣವನ್ನು ಚದುರಿದ ನೂರಾರು ಊರುಗಳ ನೀರು, ಚರಂಡಿಗೆ ಹಂಚುವುದಕ್ಕಿಂತ ಕೆಲವು ಕಡೆ ಸರಿಯಾಗಿ ಕಟ್ಟೋಣ ಎಂಬುದು ಅವರ ಲೆಕ್ಕ. ಹೊಸ ಮನೆಯ ಬಿಸಿನೀರಿನ ನಲ್ಲಿ ಕಂಡು ಸಂತೋಷದಿಂದಲೇ ಹೋದವರೂ ಇದ್ದರು.

ಆದರೂ ಲೆಕ್ಕದಲ್ಲಿ ಒಂದು ತಪ್ಪಿತ್ತು. ಅದಕ್ಕೆ ವಿಟನ್ ಪಾರ್ಕ್ ಎಂಬ ಊರೇ ಸಾಕ್ಷಿ. 1846ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯಿಂದ ಬೆಳೆದ ಊರದು. ಆ ಕಾರ್ಖಾನೆ 1884ರಲ್ಲಿಯೇ ಮುಚ್ಚಿತು. ಹುಟ್ಟಿಸಿದ ಉದ್ಯೋಗ ಹೋದರೆ ಊರೂ ಹೋಗಬೇಕು ಎಂಬ ತರ್ಕ ನಿಜವಾಗಿದ್ದರೆ, 1951ರಲ್ಲಿ ‘ಡಿ’ ಹಾಕಲು ಅಲ್ಲಿ ಊರೇ ಇರಬಾರದಿತ್ತು! ಜನ ಬೇರೆಡೆ ದುಡಿದು ಸಂಜೆ ಅಲ್ಲಿಗೇ ಮರಳುತ್ತಿದ್ದರು. ಊರನ್ನು ಕಟ್ಟಿದ್ದು ಕಾರ್ಖಾನೆಯಾದರೂ ಅದನ್ನು ಹಿಡಿದಿಟ್ಟದ್ದು ನೆರೆಹೊರೆ. ನಕ್ಷೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

‘ಡಿ’ ಊರುಗಳವರು ಸಭೆ ಸೇರಿದರು, ಅರ್ಜಿ ಬರೆದರು, ವಿಚಾರಣೆಗಳಲ್ಲಿ ನಿಂತು ವಾದಿಸಿದರು. ತಾವೇ ಗೆಲ್ಲಿಸಿದ ಪಕ್ಷದ ವಿರುದ್ಧ ನಿಲ್ಲುವುದು ಅವರಿಗೆ ಸುಲಭವಾಗಿರಲಿಲ್ಲ. ಅಷ್ಟರಲ್ಲಿ ದೇಶದ ಗಾಳಿಯೂ ಬದಲಾಯಿತು. ಯೋಜನೆ ತಯಾರಿಸುವಾಗ ಜನರ ಅಭಿಪ್ರಾಯ ಕೇಳಬೇಕೆಂದು 1968ರ ಕಾಯ್ದೆ ಹೇಳಿತು. ಕೇಳುವುದು ಹೇಗೆಂದು 1969ರ ಸ್ಕೆಫಿಂಗ್ಟನ್ ವರದಿ ವಿವರಿಸಿತು. 1977ರಲ್ಲಿ ಡರಂ ತನ್ನ ‘ಡಿ’ ನೀತಿಯನ್ನು ಕೈಬಿಟ್ಟಿತು. ಪೂರ್ತಿ ಅಳಿಸಿಹೋದ ಊರುಗಳು ಕೆಲವೇ. ಸಾಲುಸಾಲಾಗಿ ಮನೆ ಕಳೆದುಕೊಂಡು ಅರ್ಧವಾದವು ಹಲವು. ವಿಟನ್ ಪಾರ್ಕ್ ಇಂದಿಗೂ ಇದೆ.

ದಕ್ಷಿಣ ಇಂಗ್ಲೆಂಡಿನಲ್ಲಿ ಇದೇ ಕಾಯ್ದೆಯ ಇದೇ ‘ಕಟ್ಟಬಾರದು’ ಎಂಬ ಮಾತು ತಿರುಗುಮುರುಗು ಫಲ ಕೊಟ್ಟಿತು. ನಗರಗಳು ಹರಡದಂತೆ ಸುತ್ತ ಹಸಿರು ಪಟ್ಟಿ ಬಿಡಲು 1955ರಲ್ಲಿ ಕೇಂದ್ರ ಸರ್ಕಾರ ಸ್ಥಳೀಯ ಆಡಳಿತಗಳಿಗೆ ಸುತ್ತೋಲೆ ಕಳುಹಿಸಿತು. ಲಂಡನ್ನಿನ ಆಸುಪಾಸಿನ ಹಳ್ಳಿಗಳಲ್ಲಿ ಹೊಸ ಮನೆ ಅಪರೂಪವಾಯಿತು. ಇದ್ದವುಗಳ ಬೆಲೆ ಗಗನಕ್ಕೇರಿತು. ಅಲ್ಲಿಯೂ ಊರಿನ ಮಕ್ಕಳು ಊರು ಬಿಟ್ಟರು, ಮನೆ ಬಿದ್ದದ್ದರಿಂದಲ್ಲ, ಮನೆ ಕೊಳ್ಳಲಾಗದ್ದರಿಂದ. ನಾವು ಮೆಚ್ಚುವ ಆ ಹೂಬಳ್ಳಿಯ ಚಿತ್ರದಲ್ಲಿ ಈ ಸಂಗತಿ ಕಾಣುವುದಿಲ್ಲ.

2011ರ ಸ್ಥಳೀಯತಾ ಕಾಯ್ದೆಯಿಂದ ಊರಿನವರೇ ತಮ್ಮ ಯೋಜನೆ ಬರೆದು ಮತಕ್ಕೆ ಹಾಕುವ ಅವಕಾಶ ಬಂದಿದೆ. ಮೇಲಿನ ಯೋಜನೆ ನಿಗದಿ ಮಾಡಿದ್ದಕ್ಕಿಂತ ಕಡಿಮೆ ಮನೆ ಸಾಕೆಂದು ಅವರು ಹೇಳುವಂತಿಲ್ಲ. ಎಲ್ಲಿ, ಹೇಗೆ ಎಂದು ಹೇಳಬಹುದು. ಮೊದಲ ಜನಮತ ನಡೆದದ್ದು ಡರಂ ಪಕ್ಕದ ಕಂಬ್ರಿಯಾ ಕೌಂಟಿಯ ಅಪ್ಪರ್ ಈಡನ್ ಎಂಬ ಗುಡ್ಡಗಾಡು ಪ್ರದೇಶದಲ್ಲಿ, 2013ರ ಮಾರ್ಚ್‌ನಲ್ಲಿ. ಭಾರಿ ಬಹುಮತದಿಂದ ಅದು ಗೆದ್ದಿತು. ಅಲ್ಲಿಯವರು ಕೇಳಿದ್ದು ಕಟ್ಟುವವರನ್ನು ತಡೆಯಿರಿ ಎಂದಲ್ಲ. ನಮ್ಮವರು ಇಲ್ಲಿಯೇ, ಹೊಲಮನೆಗಳ ಪಕ್ಕದಲ್ಲಿ, ಮನೆ ಕಟ್ಟಿಕೊಳ್ಳಲು ಬಿಡಿ ಎಂದು.