ಸ್ಟಾರ್ ಟ್ರೆಕ್ ಚಲನಚಿತ್ರಗಳ ಸಮ-ಬೆಸ ನಿಯಮ

ಸಮ-ಬೆಸ ನಿಯಮ ಎಂಬುದು ಅಮೆರಿಕದ ವೈಜ್ಞಾನಿಕ ಕಥಾಸರಣಿಯಾದ ಸ್ಟಾರ್ ಟ್ರೆಕ್‌ನ ಚಲನಚಿತ್ರಗಳ ಬಗ್ಗೆ ಅಭಿಮಾನಿಗಳಲ್ಲಿ ಪ್ರಚಲಿತವಾಗಿರುವ ನಂಬಿಕೆ. ಬಿಡುಗಡೆಯ ಕ್ರಮದಲ್ಲಿ ಸಮಸಂಖ್ಯೆಯ ಚಿತ್ರಗಳು ಉತ್ತಮ, ಬೆಸಸಂಖ್ಯೆಯವು ಕಳಪೆ ಎಂಬುದು ಇದರ ಸಾರ.

ಹಿನ್ನೆಲೆ

ರಾಬರ್ಟ್ ವೈಸ್ ನಿರ್ದೇಶಿಸಿದ ಮೊದಲ ಚಿತ್ರವು (1979) ಹಣ ಗಳಿಸಿದರೂ ಮಂದಗತಿಯದೆಂಬ ಟೀಕೆಗೆ ಗುರಿಯಾಯಿತು. ನಿಕೋಲಸ್ ಮೇಯರ್ ನಿರ್ದೇಶನದ ಎರಡನೆಯ ಚಿತ್ರ 'ದ ರಾತ್ ಆಫ್ ಖಾನ್' (1982) ಸರಣಿಯ ಶ್ರೇಷ್ಠ ಕೃತಿಯೆಂದು ಹೆಸರಾಯಿತು. ನಾಲ್ಕನೆಯ 'ದ ವಾಯೇಜ್ ಹೋಮ್' (1986) ಮೆಚ್ಚುಗೆ ಪಡೆಯಿತು. ವಿಲಿಯಂ ಶಾಟ್ನರ್ ನಿರ್ದೇಶಿಸಿದ ಐದನೆಯ 'ದ ಫೈನಲ್ ಫ್ರಾಂಟಿಯರ್' (1989) ತೀವ್ರ ಟೀಕೆಗೊಳಗಾಯಿತು. ಇದರಿಂದ ನಂಬಿಕೆ ಬಲಗೊಂಡಿತು.

ಅಪವಾದಗಳು

ಹತ್ತನೆಯ 'ನೆಮೆಸಿಸ್' (2002) ಸೋತು, ಜೆ. ಜೆ. ಏಬ್ರಮ್ಸ್ ನಿರ್ದೇಶನದ ಹನ್ನೊಂದನೆಯ ಚಿತ್ರ (2009) ಗೆದ್ದುದರಿಂದ ನಿಯಮವು ಮುರಿಯಿತು. ಬ್ರಿಟಿಷ್ ಹಾಸ್ಯ ಧಾರಾವಾಹಿ 'ಸ್ಪೇಸ್ಡ್'ನಲ್ಲಿ ಇದೇ ನಿಯಮವನ್ನು ಹೇಳಿದ್ದ ನಟ ಸೈಮನ್ ಪೆಗ್ ಹನ್ನೊಂದನೆಯ ಚಿತ್ರದಲ್ಲಿ ಸ್ಕಾಟಿಯ ಪಾತ್ರ ವಹಿಸಿದರು.

2013ರಲ್ಲಿ ಲಾಸ್ ವೇಗಸ್‌ನ ಸಮಾವೇಶದಲ್ಲಿ ಅಭಿಮಾನಿಗಳು 'ದ ರಾತ್ ಆಫ್ ಖಾನ್'ಗೆ ಮೊದಲ ಸ್ಥಾನವನ್ನೂ, ಖಾನ್ ಪಾತ್ರವನ್ನು ಮರಳಿ ತಂದಿದ್ದ ಹನ್ನೆರಡನೆಯ ಚಿತ್ರ 'ಇಂಟು ಡಾರ್ಕ್‌ನೆಸ್'ಗೆ (2013) ಕೊನೆಯ ಸ್ಥಾನವನ್ನೂ ನೀಡಿದರು. ಆದರೆ ಜಾಗತಿಕ ಗಳಿಕೆಯಲ್ಲಿ ಸರಣಿಯ ಇತರ ಚಿತ್ರಗಳಿಗಿಂತ ಮುಂದಿರುವುದು 'ಇಂಟು ಡಾರ್ಕ್‌ನೆಸ್' ಚಿತ್ರವೇ. ಅಭಿಮಾನಿಗಳ ತೀರ್ಪಿಗೂ ಸಾಮಾನ್ಯ ಪ್ರೇಕ್ಷಕರ ಒಲವಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.