ಅಳಿದ ಬರಹ, ಉಳಿದ ಪ್ರತಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯಲ್ಲಿ ಹೊಳೆಗಳ ಪಾತ್ರ ಹಿರಿದು. ಕಾವೇರಿ, ಲಕ್ಷ್ಮಣತೀರ್ಥ, ಕಬಿನಿಗಳು ಇಲ್ಲಿನ ಗದ್ದೆಗಳಿಗೆ ನೀರೂಡಿಸಿದಂತೆಯೇ, ಒಮ್ಮೊಮ್ಮೆ ಊರನ್ನೇ ನೆಲೆಯಿಂದ ಎಬ್ಬಿಸಿದ್ದೂ ಉಂಟು. ಕಾವೇರಿಯ ದಡದ ಎಡತೊರೆಗೆ ಪ್ರವಾಹದ ಭಯವೊದಗಿದ್ದರಿಂದಲೇ ಹೊಸ ಪಟ್ಟಣವೊಂದು ನಿರ್ಮಾಣವಾಗಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಪಡೆಯಿತು. ಮುಳುಗಿದ ಮನೆಯನ್ನು ಬೇರೆಡೆ ಕಟ್ಟಿಕೊಳ್ಳಬಹುದು. ನೀರುಪಾಲಾದ ಬರಹವನ್ನು ಮರಳಿ ಪಡೆಯುವ ಬಗೆ ಯಾವುದು? ಕಂಪ್ಯೂಟರಿನ ಈ ಕಾಲದಲ್ಲಿಯೂ ಎದುರಾಗುವ ಈ ಪ್ರಶ್ನೆಗೆ ನಮ್ಮ ಸೀಮೆಯ ಇತಿಹಾಸದಲ್ಲಿಯೇ ಒಂದು ಉತ್ತರವಿದೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು ಪ್ರಾಚೀನ ಪುನ್ನಾಟ ರಾಜ್ಯದ ರಾಜಧಾನಿಯಾಗಿದ್ದ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದ್ದಾರೆ. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡಿತು. ಆ ಹಳೆಯ ನೆಲ ಜಲಾಶಯದ ಪಾಲಾಯಿತು. ಆದರೆ ಆ ತಾಲ್ಲೂಕಿನಲ್ಲಿ ದೊರೆತ ಶಾಸನಗಳ ಪಾಠ ಅದಕ್ಕೂ 76 ವರ್ಷ ಮುಂಚೆ, 1898ರಲ್ಲಿಯೇ, ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಅಚ್ಚಾಗಿತ್ತು. ಎಡತೊರೆಯ ಶಾಸನಗಳೂ, ಆಗ ಪಿರಿಯಾಪಟ್ಟಣವನ್ನು ಒಳಗೊಂಡಿದ್ದ ಹುಣಸೂರು ತಾಲ್ಲೂಕಿನ ಶಾಸನಗಳೂ ಅದೇ ಸಂಪುಟದಲ್ಲಿವೆ.

ಶಾಸನದ ಪಡಿಯಚ್ಚು ತೆಗೆಯುವ ಕ್ರಮ ಸರಳವಾದುದು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹೊದಿಸಿ, ಕುಂಚದಿಂದ ತಟ್ಟಿ ಅಕ್ಷರಗಳ ಕುಳಿಗೆ ಅದನ್ನು ಇಳಿಸುತ್ತಾರೆ. ಮೇಲೆ ಮಸಿ ಒತ್ತಿದಾಗ ಅಕ್ಷರಗಳು ಬಿಳಿಯಾಗಿ ಎದ್ದು ಕಾಣುತ್ತವೆ. ಆ ಬಳಿಕ ಕಲ್ಲು ಒಡೆದರೂ, ಮುಳುಗಿದರೂ, ಅದರ ಮಾತು ದೂರದ ಗ್ರಂಥಭಂಡಾರದಲ್ಲಿ ಸುರಕ್ಷಿತವಾಗಿರುತ್ತದೆ.

ರೈತನ ಪಹಣಿಯ ಕಥೆಯೂ ಇಂಥದೇ. ಹಿಂದೆ ಶಾನುಭೋಗರ, ಅನಂತರ ಗ್ರಾಮಲೆಕ್ಕಿಗರ ವಶದಲ್ಲಿದ್ದ ಕೈಬರಹದ ಪಹಣಿಗಳನ್ನು ‘ಭೂಮಿ’ ಯೋಜನೆ ಸುಮಾರು 2001ರ ವೇಳೆಗೆ ಕಂಪ್ಯೂಟರಿಗೆ ಏರಿಸಿತು. ರಾಜ್ಯದಲ್ಲಿ ಅವುಗಳ ಸಂಖ್ಯೆ ಸುಮಾರು 2 ಕೋಟಿ. ಕಾಗದದ ಕಡತ ಕಳೆದುಹೋದಾಗ ಸರ್ವೆ ಟಿಪ್ಪಣಿ, ಖಾತೆ ಬದಲಾವಣೆಯ ವಹಿ, ಉಪನೋಂದಣಿ ಕಚೇರಿಯಲ್ಲಿರುವ ಕ್ರಯಪತ್ರದ ನಕಲುಗಳನ್ನು ಕೂಡಿಸಿ ಅದನ್ನು ಮತ್ತೆ ರೂಪಿಸಬಹುದು. ಒಂದೇ ಜಮೀನಿನ ವಿಷಯ ಬೇರೆ ಬೇರೆ ಕಚೇರಿಗಳಲ್ಲಿ ದಾಖಲಾಗಿರುವುದರಿಂದಲೇ ಇದು ಸಾಧ್ಯ. ಹಾಗಿಲ್ಲದಿದ್ದರೆ ತಾತನ ಕಾಲದಿಂದ ಉತ್ತು ಬಂದ ನೆಲವೂ ತನ್ನದೆಂದು ತೋರಿಸಲು ರೈತನ ಕೈಯಲ್ಲಿ ಏನೂ ಉಳಿಯದು.

ಇನ್ನು ಕಂಪ್ಯೂಟರಿನ ಮಾತು. ಅದರ ಹಾರ್ಡ್ ಡಿಸ್ಕಿನೊಳಗಿನ ತಟ್ಟೆಗಳ ಮೇಲೆ ಬರಹವು ಅತಿ ಸೂಕ್ಷ್ಮವಾದ ಕಾಂತೀಯ ಗುರುತುಗಳ ರೂಪದಲ್ಲಿರುತ್ತದೆ. ಪೆಟ್ಟಿಗೆ ಸುಟ್ಟರೂ ತಟ್ಟೆ ಉಳಿದಿದ್ದರೆ ಆಸೆಗೆ ಎಡೆಯುಂಟು. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಮತ್ತು ಆರು ಮಂದಿ ಸಂಗಡಿಗರನ್ನು ಹೊತ್ತ ‘ಕೊಲಂಬಿಯಾ’ ನೌಕೆ ಆಕಾಶದಲ್ಲಿಯೇ ಛಿದ್ರವಾಯಿತು. ಅವಶೇಷಗಳ ನಡುವೆ ಸುಟ್ಟು ಕರಕಲಾದ ಹಾರ್ಡ್ ಡಿಸ್ಕೊಂದು ಸಿಕ್ಕಿತು. ಕ್ಸೆನಾನ್ ಅನಿಲವನ್ನು ಕುರಿತು ಆ ಯಾನದಲ್ಲಿ ನಡೆದ ಪ್ರಯೋಗದ ಫಲ ಅದರಲ್ಲಿತ್ತು. ತಜ್ಞರು ತಟ್ಟೆಗಳನ್ನು ಶುಚಿಗೊಳಿಸಿ, ಹೊಸ ಪೆಟ್ಟಿಗೆಗೆ ಜೋಡಿಸಿ, ಸುಮಾರು ಶೇಕಡಾ 99ರಷ್ಟು ಮಾಹಿತಿಯನ್ನು ಹೊರತೆಗೆದರು. ಕೆಟ್ಟುಹೋದ ಭಾಗದಲ್ಲಿ ಬರಹವೇ ಇಲ್ಲದಿದ್ದುದು ಅದೃಷ್ಟ. ಪ್ರಯೋಗದ ಫಲ 2008ರಲ್ಲಿ ಪ್ರಕಟವಾಯಿತು.

ಎಲ್ಲ ಕಡೆಯೂ ಅಂಥ ಅದೃಷ್ಟ ಒದಗುವುದಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜಾನ್ ನಗರದ ಸರ್ಕಾರಿ ಮಾಹಿತಿ ಕೇಂದ್ರಕ್ಕೆ ಬೆಂಕಿ ಬಿದ್ದಿತು. ನೌಕರರ ಕಡತಗಳಿದ್ದ 858 ಟೆರಾಬೈಟ್ ಭಂಡಾರವೊಂದು ಅದರಲ್ಲಿ ನಾಶವಾಯಿತು. ಗಾತ್ರ ಬಹಳ ದೊಡ್ಡದೆಂಬ ಕಾರಣಕ್ಕೆ ಅದರ ಪ್ರತಿಯನ್ನು ಹೊರಗೆ ಇಟ್ಟಿರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದುವರಿದ ದೇಶವೂ, ನಮ್ಮ ಸೀಮೆಗೆ 1898ರಲ್ಲಿಯೇ ದೊರೆತ ರಕ್ಷೆಯನ್ನು ತನ್ನ ಕಡತಗಳಿಗೆ ಒದಗಿಸದೆ ಹೋಯಿತು.

ಗೃಹಸ್ಥರಿಗೂ ಇದರಿಂದ ತಿಳಿಯಬೇಕಾದುದು ಇದೆ. ನೀರು ಹೊಕ್ಕ ಕಂಪ್ಯೂಟರಿಗೆ, ಕೆಟ್ಟಿದೆಯೋ ಇಲ್ಲವೋ ನೋಡೋಣವೆಂದು ವಿದ್ಯುತ್ ಕೊಡಬಾರದು, ಬಿಚ್ಚಿ ಬಿಸಿಲಿಗಿಡಲೂಬಾರದು, ಬಲ್ಲವರ ಕೈಗೆ ಒಪ್ಪಿಸಬೇಕು. ಅದಕ್ಕಿಂತ ಮೇಲಾದುದು ಮುಂಜಾಗ್ರತೆ. ಪಹಣಿ, ಕ್ರಯಪತ್ರ, ಮಕ್ಕಳ ಅಂಕಪಟ್ಟಿ, ಹಿರಿಯರ ಭಾವಚಿತ್ರ ಇವುಗಳ ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ, ಆ ಪ್ರತಿಯನ್ನು ತೆರೆದು ಓದಲು ಬರುವುದೇ ಎಂದು ನೋಡಿಡುವುದು ಒಳ್ಳೆಯದು.