ಮಾದಕ ವಸ್ತು ಬಳಕೆ ಮತ್ತು ಮನೋರೋಗ: ಭಾರತದಲ್ಲಿ ತಿಳಿವಳಿಕೆಯ ಇತಿಹಾಸ

ಮದ್ಯ, ಗಾಂಜಾ, ಅಫೀಮುಗಳ ಚಟಕ್ಕೂ ಮನೋರೋಗಕ್ಕೂ ಇರುವ ನಂಟನ್ನು ಭಾರತದಲ್ಲಿ ಹೇಗೆ ಅರ್ಥ ಮಾಡಿಕೊಳ್ಳಲಾಯಿತು, ತಡೆಗೆ ಯಾವ ದಾರಿ ಹಿಡಿಯಲಾಯಿತು ಎಂಬುದು ಈ ಲೇಖನದ ವಿಷಯ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉನ್ಮಾದಕ್ಕೆ ಒಂದು ಅಧ್ಯಾಯವೂ ಅತಿಯಾದ ಕುಡಿತದಿಂದ ಬರುವ ಮದಾತ್ಯಯಕ್ಕೆ ಮತ್ತೊಂದು ಅಧ್ಯಾಯವೂ ಇವೆ. ಚಟಕ್ಕೂ ಹುಚ್ಚಿಗೂ ಇರುವ ನಂಟಿನ ಬಗ್ಗೆ ದೊಡ್ಡ ಗೊಂದಲ ಹುಟ್ಟಿದ್ದು 19ನೆಯ ಶತಮಾನದಲ್ಲಿ, ಬ್ರಿಟಿಷ್ ಆಡಳಿತದ ಹುಚ್ಚಾಸ್ಪತ್ರೆಗಳ ದಾಖಲೆ ಪುಸ್ತಕಗಳಲ್ಲಿ.

ಗಾಂಜಾ ಆಯೋಗ (1893–94)

ಗಾಂಜಾ ಸೇದಿದವರಿಗೆ ಹುಚ್ಚು ಹಿಡಿಯುತ್ತದೆಂಬ ಮಾತಿಗೆ ಆ ಕಾಲದಲ್ಲಿ ಆಸ್ಪತ್ರೆಗಳ ವಾರ್ಷಿಕ ಅಂಕಿಅಂಶಗಳೇ ಆಧಾರ. 1893ರ ಮಾರ್ಚ್‌ನಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಈ ಬಗ್ಗೆ ಪ್ರಶ್ನೆ ಎದ್ದಿತು. ಅದೇ ವರ್ಷ ಭಾರತ ಸರ್ಕಾರ ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ಏಳು ಜನರ ಆಯೋಗ ನೇಮಿಸಿತು. 1,193 ಸಾಕ್ಷಿಗಳ ಹೇಳಿಕೆ ಪಡೆದ ಆಯೋಗದ ವರದಿ ಏಳು ಸಂಪುಟಗಳಷ್ಟಾಯಿತು.

ಆಯೋಗದ ಹೆಚ್ಚಿನ ಕೆಲಸಗಳು ಮರೆತುಹೋಗಿವೆ; ಇಂದಿಗೂ ಬೆಲೆಯುಳ್ಳದ್ದು ಆಸ್ಪತ್ರೆಗಳ ದಾಖಲೆಯನ್ನು ಅದು ಪರೀಕ್ಷಿಸಿದ ಬಗೆ. ರೋಗಿಯ ಜೊತೆ ಒಂದು ವಿವರಪಟ್ಟಿ ಬರುತ್ತಿತ್ತು. ಅದರಲ್ಲಿ ‘ಕಾರಣ’ ಎಂಬ ಕಲಂ. ಬೀದಿಯಲ್ಲಿ ಅಲೆಯುತ್ತಿದ್ದವನನ್ನು ಹಿಡಿದು ತಂದ ಪೊಲೀಸನಿಗೆ ಅವನ ಊರು, ಮನೆತನ, ಹಿಂದಿನ ಕಾಯಿಲೆ ಒಂದೂ ಗೊತ್ತಿರುತ್ತಿರಲಿಲ್ಲ. ಗಾಂಜಾ ಸೇದುತ್ತಾನೆಂದು ಯಾರಾದರೂ ಹೇಳಿದರೆ ಕಲಂ ಭರ್ತಿಯಾಯಿತು. ಆಸ್ಪತ್ರೆಯವರು ಅದನ್ನೇ ತಮ್ಮ ಪುಸ್ತಕಕ್ಕೆ ಇಳಿಸಿಕೊಂಡರು, ವರ್ಷದ ಕೊನೆಗೆ ಅದೇ ಅಂಕಿಅಂಶವಾಗಿ ಸರ್ಕಾರಕ್ಕೆ ಹೋಯಿತು.

ಆಯೋಗ 1892ರ 1,344 ದಾಖಲಾತಿಗಳನ್ನು ಎತ್ತಿಕೊಂಡಿತು. ಗಾಂಜಾ ಕಾರಣವೆಂದು ಬರೆದಿದ್ದ 222 ಪ್ರಕರಣಗಳ ಮರುತನಿಖೆ ನಡೆಯಿತು. ರೋಗಿಯ ನೆಂಟರನ್ನು, ಊರಿನವರನ್ನು ವಿಚಾರಿಸಲಾಯಿತು. ಕೆಲವರಿಗೆ ಗಾಂಜಾ ಅಭ್ಯಾಸವೇ ಇರಲಿಲ್ಲ, ಕೆಲವರಿಗೆ ಕಾಯಿಲೆ ಮೊದಲು ಬಂದು ಚಟ ಆಮೇಲೆ ಅಂಟಿತ್ತು. ಕೊನೆಗೆ ಉಳಿದದ್ದು 98 ಪ್ರಕರಣ. ಅವುಗಳಲ್ಲಿ 61ಕ್ಕೆ ಗಾಂಜಾ ಒಂದೇ ಕಾರಣ, 37ರಲ್ಲಿ ಬೇರೆ ಕಾರಣಗಳೂ ಬೆರೆತಿದ್ದವು.

ಆಯೋಗ ಗಾಂಜಾವನ್ನು ನಿರಪಾಯಕಾರಿ ಎಂದು ಸಾರಿತೆಂದು ಬರೆಯುವವರು ಈಗಲೂ ಇದ್ದಾರೆ. ಅದು ಅರ್ಧ ಓದು. ಮಿತ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡು ಕಾಣಲಿಲ್ಲ ಎಂದ ವರದಿಯೇ, ಅತಿ ಬಳಕೆ ಮನಸ್ಸನ್ನು ಕುಗ್ಗಿಸುತ್ತದೆ, ಹುಚ್ಚಿಗೂ ದಾರಿಯಾಗಬಹುದು ಎಂದಿದೆ. ಪೂರ್ಣ ನಿಷೇಧ ಬೇಡ. ಪರವಾನಗಿ, ತೆರಿಗೆಗಳ ಮೂಲಕ ಹತೋಟಿ ಸಾಕು ಎಂಬುದು ಬಹುಮತದ ತೀರ್ಮಾನ. ಭಾರತೀಯ ಸದಸ್ಯರಲ್ಲಿ ರಾಜಾ ಶಶಿ ಶೇಖರೇಶ್ವರ ರಾಯ್ ಮತ್ತು ಲಾಲಾ ನಿಹಾಲ್ ಚಂದ್ ಭಿನ್ನಮತ ಬರೆದರು. ಈ ಟಿಪ್ಪಣಿಗಳನ್ನು ಬಿಟ್ಟು ವರದಿ ಓದಿದರೆ ಅಂದಿನ ಅಭಿಪ್ರಾಯಭೇದ ಕಾಣುವುದಿಲ್ಲ.

ಯಾವುದು ಕಾರಣ, ಯಾವುದು ಪರಿಣಾಮ ಎಂಬ ಪ್ರಶ್ನೆಗೆ ಗಟ್ಟಿ ಪುರಾವೆ ಸಿಗಲು ಸುಮಾರು ನೂರು ವರ್ಷ ಬೇಕಾಯಿತು. 45,000ಕ್ಕೂ ಹೆಚ್ಚು ಸ್ವೀಡಿಷ್ ಸೈನಿಕ ಅಭ್ಯರ್ಥಿಗಳನ್ನು 15 ವರ್ಷ ಹಿಂಬಾಲಿಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಐವತ್ತಕ್ಕಿಂತ ಹೆಚ್ಚು ಬಾರಿ ಗಾಂಜಾ ಬಳಸಿದವರಲ್ಲಿ ಸ್ಕಿಜೋಫ್ರೇನಿಯಾ ಪ್ರಮಾಣ ಬಳಸದವರದಕ್ಕಿಂತ ಆರು ಪಟ್ಟು. ಇತರ ಅಂಶಗಳನ್ನು ಲೆಕ್ಕಕ್ಕೆ ಹಿಡಿದಾಗ ಅದು ತಗ್ಗಿತು, ಆದರೆ ಅಳಿಯಲಿಲ್ಲ.

ಕಾನೂನು ಮತ್ತು ಕರ್ನಾಟಕ

1985ರ ಮಾದಕ ವಸ್ತು ಕಾಯ್ದೆ ಗಾಂಜಾ, ಚರಸ್‌ಗಳನ್ನು ನಿಷೇಧಿಸಿತು. ಬರಿಯ ಎಲೆಯಾದ ಭಂಗಿಯನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿತು. ಮದ್ಯ ರಾಜ್ಯಗಳ ಪಾಲಿಗೇ ಉಳಿಯಿತು. ಮೈಸೂರು ರಾಜ್ಯದ ಪಾನನಿರೋಧ 1967ರಲ್ಲಿ ಕೊನೆಗೊಂಡಿತು. 1981ರ ಜುಲೈನಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತ 300ಕ್ಕೂ ಹೆಚ್ಚು ಜೀವ ತೆಗೆಯಿತು. ಪ್ಯಾಕೆಟ್ ಸಾರಾಯಿಯನ್ನು ಕರ್ನಾಟಕ 2007ರ ಜುಲೈ 1ರಿಂದ ನಿಷೇಧಿಸಿತು. ಹತ್ತೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಪಕ್ಕದ ಕೃಷ್ಣಗಿರಿ ಜಿಲ್ಲೆಗಳಲ್ಲಿ ಕಳ್ಳಭಟ್ಟಿ ಕುಡಿದು 150ಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕೂಲಿಕಾರರು. ನಿಷೇಧವೇ ಇದಕ್ಕೆ ಕಾರಣವೇ ಎಂಬ ವಾದ ಮುಗಿದಿಲ್ಲ. 1981ರಲ್ಲಿ ಸಾರಾಯಿ ಕಾನೂನುಬದ್ಧವಾಗಿಯೇ ಇತ್ತೆಂಬುದನ್ನು ವಾದಿಸುವವರು ನೆನಪಿಡಬೇಕು.

ಚಿಕಿತ್ಸೆಯ ಕಡೆಯಿಂದ ನೋಡಿದರೆ ರಾಜ್ಯದ ಕೊಡುಗೆ ದೊಡ್ಡದು. 1974ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ನಿಮ್ಹಾನ್ಸ್) ರೂಪುಗೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟ ಬಳ್ಳಾರಿ ಪ್ರಯೋಗ 1980ರ ದಶಕದಲ್ಲಿ ನಡೆದು, 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದರ ಆದ್ಯತೆ ತೀವ್ರ ಮನೋರೋಗ ಮತ್ತು ಮೂರ್ಛೆರೋಗ; ಕುಡಿತದ ಚಟ ಹಿಂದಿನ ಸಾಲಿನಲ್ಲೇ ಉಳಿಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಗೆ ಸೇರಿಸಿದೆ.

ಇತ್ತೀಚಿನ ಸಮೀಕ್ಷೆಗಳು

ಕೋಲಾರದಲ್ಲಿ ಪೂರ್ವಪ್ರಯೋಗ ನಡೆಸಿ, 2015–16ರಲ್ಲಿ 12 ರಾಜ್ಯಗಳಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಒಂದು ಅಂಕಿ ಪದೇ ಪದೇ ತಪ್ಪಾಗಿ ಉದ್ಧೃತವಾಗುತ್ತದೆ. ವಯಸ್ಕರಲ್ಲಿ ಶೇ 22.4ರಷ್ಟು ಮಂದಿಗೆ ವ್ಯಸನ ಸಮಸ್ಯೆ ಇದೆ ಎಂಬುದು ನಿಜ. ಆದರೆ ಅದರ ಬಹುಪಾಲು ತಂಬಾಕಿನದು. ಮದ್ಯವ್ಯಸನದ ಪ್ರಮಾಣ ಶೇ 4.6, ಇತರ ಮಾದಕ ವಸ್ತುಗಳದು ಶೇ 0.6. ದೆಹಲಿಯ ಏಮ್ಸ್ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಶೇ 14.6 ಎಂಬುದು 10ರಿಂದ 75 ವರ್ಷದೊಳಗೆ ಮದ್ಯ ಸೇವಿಸುವ ಎಲ್ಲರ ಲೆಕ್ಕ, ರೋಗಿಗಳದ್ದಲ್ಲ. ಇವನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವಂತಿಲ್ಲ.

ಒಂದು ವಿಷಯದಲ್ಲಿ ಎರಡೂ ಸಮೀಕ್ಷೆಗಳ ಮಾತು ಒಂದೇ. ಮದ್ಯವ್ಯಸನಿಗಳಲ್ಲಿ ಶೇ 86ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿಲ್ಲ ಎನ್ನುತ್ತದೆ ಮೊದಲನೆಯದು. ಚಿಕಿತ್ಸೆ ಪಡೆದವರು 38ಕ್ಕೆ ಒಬ್ಬರು ಎನ್ನುತ್ತದೆ ಎರಡನೆಯದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಕನ್ನಡದಲ್ಲೂ ಸಿಗುತ್ತದೆ, ಕರೆ ಉಚಿತ.